ನಿಂಬೆಹಣ್ಣು ಹತ್ತಿದ ಎಂಜಿನ್ನು

ರೈಲು ಓಡಿಸುವುದು ನನಗೆ ರಕ್ತಗತ ಎಂಬ ನಂಬಿಕೆ, ಹೋದ ಆಯುಧಪೂಜೆಯ ಬೆಳಿಗ್ಗೆ ಹತ್ತು ಗಂಟೆಯವರೆಗೂ ಗಟ್ಟಿಯಾಗಿಯೇ ಇತ್ತು. ಅಪ್ಪ ಉಗಿಬಂಡಿಯ ಡ್ರೈವರ್ ಆಗಿದ್ದವರು. ಮಗ ನಾನು ಹುಣಸೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ರೈಲಿನ ಚಿತ್ರ ಬಹಳ ಚೆನ್ನಾಗಿ ಬರೆಯುತ್ತೇನೆ.

ಅಪ್ಪ ನಿವೃತ್ತರಾದ ಮೇಲೆ ಹಿತ್ತಾಳೆ, ತಾಮ್ರ ಕೂಡಿಸಿ ಮೊಳದುದ್ದದ ಎಂಜಿನ್ನೊಂದನ್ನು ತಾವೇ ಮಾಡಿದ್ದರು. ಆಟದ ಸಾಮಾನಲ್ಲ. ನೀರು ತುಂಬಿ ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ನಿಜವಾದ ಹಬೆ, ನಿಜವಾದ ಓಟ, ನಿಜವಾದ ಸೀಟಿ! ವರ್ಷಕ್ಕೊಮ್ಮೆ, ಆಯುಧಪೂಜೆಗೆ, ಅಂಗಳದಲ್ಲಿ ಹಳಿ ಜೋಡಿಸಿ ಓಡಿಸುತ್ತಿದ್ದರು. ಮಳೆನೀರನ್ನೇ ಹಾಕಬೇಕು, ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ. ಅಪ್ಪ ಹೋಗಿ ಆರು ವರ್ಷ. ಅಂದಿನಿಂದ ಎಂಜಿನ್ನು ಟ್ರಂಕಿನಲ್ಲಿತ್ತು.

ಅವ್ವನಿಗೆ ಬೇಕಿದ್ದದ್ದು ಎಂಜಿನ್ನಲ್ಲ, ಸೀಟಿ. ನಾವು ಕೆ.ಆರ್. ನಗರದಲ್ಲಿದ್ದಾಗ, ಸ್ಟೇಷನ್ನಿಗೆ ಮುಂಚಿನ ತಿರುವಿನಲ್ಲಿ ಅಪ್ಪ ಎರಡು ಗಿಡ್ಡ, ಒಂದು ಉದ್ದ ಸೀಟಿ ಹಾಕುತ್ತಿದ್ದರು. ಕೇಳಿದೊಡನೆ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. ಹುಣಸೂರಿಗೋ ರೈಲೇ ಇಲ್ಲ. ಕೆ.ಆರ್. ನಗರಕ್ಕೆ ಹೋದಾಗ ಕೇಳುವ ಈಗಿನ ರೈಲಿನ ಕೂಗು ಅವಳಿಗೆ ಸೇರುವುದಿಲ್ಲ.

"ಎಮ್ಮೆ ಕೂಗ್ದಂಗೆ ಕೂಗ್ತದೆ. ಒಂದ್ಸಲ ನಿಮ್ಮಪ್ಪನ್ ಸೀಟಿ ಕೇಳುಸ್ಲಾ ಮಗ," ಎಂದಳು. ಆಯುಧಪೂಜೆಯ ಬೆಳಿಗ್ಗೆ ಟ್ರಂಕು ತೆರೆದೆ.

ಮೊದಲು ಶುಚಿತ್ವ. ಎಂಜಿನ್ನನ್ನು ದೇವರ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ! ನನ್ನ ಹೆಂಡತಿ ಲಲಿತಳೇ ಮೆಚ್ಚಿದಳು. ಆದರೆ ಅಪ್ಪ ವರ್ಷಗಟ್ಟಲೆ ಬಿಟ್ಟಿದ್ದ ಎಣ್ಣೆಯೆಲ್ಲ ಹೋಗಿ ಚಕ್ರ ತಿರುಗಲೊಲ್ಲದು. ಹರಳೆಣ್ಣೆ ಬಿಟ್ಟೆ, ತಿರುಗಿತು. ಅಂಗಳದ ಹಳಿಯ ಮೇಲಿಟ್ಟು, ಮಳೆನೀರು ತುಂಬಿ ದೀಪ ಹಚ್ಚಿ, ಹಬೆ ಏರಿದ ಮೇಲೆ ಸೀಟಿಯ ಹಿಡಿ ಒತ್ತಿದೆ. ಪುಸ್! ಸೀಟಿಯೊಳಗೆ ಹುಣಸೆನಾರು ಸೇರಿಕೊಂಡಿತ್ತು.

ಜಗಲಿಯ ಮೇಲೆ ಕೂತಿದ್ದ ಅವ್ವ, "ಬತ್ತದೆ ಬುಡು," ಎಂದಳು.

"ಓಡ್ತಾ ಓಡ್ತಾ ಸರಿಹೋಗುತ್ತೆ," ಎಂದು ತಾಂತ್ರಿಕ ಅಭಿಪ್ರಾಯ ದಯಪಾಲಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮಾದೇಗೌಡರು ತಮ್ಮ ಟ್ರ್ಯಾಕ್ಟರಿನ ಪೂಜೆ ಮುಗಿಸಿಕೊಂಡು ಬಂದರು.

"ಏನ್ ಮೇಷ್ಟ್ರೇ, ಗಾಲಿಗೆ ನಿಂಬೆಹಣ್ಣು ಇಡ್ದೆ ಗಾಡಿ ಬುಡ್ತೀರಾ? ಒಳ್ಳೇದಲ್ಲ ಕಣ್ರೀ!"

ನಿಜವೇ. ನಮ್ಮ ಕಡೆ ಆ ದಿನ ಸೈಕಲ್ಲೂ ನಿಂಬೆಹಣ್ಣು ತುಳಿಯದೆ ಹೊರಡುವುದಿಲ್ಲ. ಒಂದನ್ನು ತಂದು ಹಳಿಯ ಮೇಲಿಟ್ಟೆ.

"ರೀ, ಗಾಲಿಗಿಂತ ನಿಂಬೆಹಣ್ಣೇ ದಪ್ಪ ಇದೆಯಲ್ರೀ," ಎಂದಳು ಲಲಿತ.

"ಶಾಸ್ತ್ರ ಅಂದ್ರೆ ಶಾಸ್ತ್ರ!" ಎಂದು ಘೋಷಿಸಿ ಹಬೆಯನ್ನು ಪೂರ್ತಿ ಬಿಟ್ಟೆ.

ಟ್ರ್ಯಾಕ್ಟರಾಗಿದ್ದರೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತಿತ್ತು. ಇಲ್ಲಿ ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಎಂಜಿನ್ನೇ ಅದನ್ನು ಹತ್ತಿ, ಒಂದು ಕ್ಷಣ ಆಲೋಚಿಸಿ, ಮಗ್ಗುಲಾಗಿ ಮಲಗಿತು. ಸ್ಪಿರಿಟ್ ಚೆಲ್ಲಿ ನನ್ನ ಹೊಸ ಪಂಚೆಯ ಅಂಚು ಹೊತ್ತಿಕೊಂಡಿತು! ನಾನು ಅಂಗಳದ ತುಂಬ ಕುಣಿದೆ. ಅದೂ ಪೂಜೆಯ ಭಾಗವೇನೋ ಎಂದು ಮಾದೇಗೌಡರು ಕೈಮುಗಿದರು. ಲಲಿತ ಮಾತ್ರ ಬುದ್ಧಿವಂತೆ, ಬಕೆಟ್ ನೀರು ತಂದು ನನ್ನ ಮೇಲೆ ಸುರಿದಳು.

ಆಗ ಬಂತು ಸೀಟಿ. ಬಿದ್ದ ರಭಸಕ್ಕೆ ಹಿಡಿ ನೆಲಕ್ಕೆ ಒತ್ತಿಕೊಂಡು, ನಾರು ಹಾರಿಹೋಗಿ, ಕೂ... ಎಂದು ಶುರುವಾಯಿತು. ಎರಡು ಗಿಡ್ಡ ಇಲ್ಲ, ಏನಿಲ್ಲ. ಹಬೆ ತೀರುವವರೆಗೂ ಒಂದೇ ಉದ್ದ. ನಾನು ನೀರು ಸೋರಿಸುತ್ತ ತಲೆ ತಗ್ಗಿಸಿ ನಿಂತೆ.

"ತಪ್ಪಾಯ್ತವ್ವ. ಅಪ್ಪ ಹಾಕ್ದಂಗೆ ಬರ್ಲಿಲ್ಲ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂಗೇ ಬಂತು ಕಣ್ಲಾ. ಉಗಿಬಂಡಿ ಓಡ್ಸುದ್ ಕಡೇ ದಿನ ನಿಮ್ಮಪ್ಪ ತಿರುವಿಂದ ಸ್ಟೇಷನ್‌ಗಂಟ ಇಂಗೇ ಊದುದ್ರು. ಕೈ ತೆಗೀಲೇ ಇಲ್ಲ."

ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮುದ್ದೆ ತೊಳಸುವ ಸದ್ದು ಕೇಳಿಸಿತು. ಲಲಿತ ಒಬ್ಬಟ್ಟು ಮಾಡಿಟ್ಟಿದ್ದ ಹಬ್ಬದ ದಿನ, ಮುದ್ದೆ! ಅವ್ವ ಅದನ್ನು ತಟ್ಟೆಗೆ ಹಾಕಿ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಇಟ್ಟಳು. ಅಪ್ಪ ಇರಬೇಕಿತ್ತು ಅನಿಸಿತು, ಬಹಳ ಅನಿಸಿತು.

"ಬಾ, ಆರೋಯ್ತದೆ," ಎಂದಳು ನನ್ನನ್ನು ನೋಡಿ.

ಸುಟ್ಟ ಒದ್ದೆ ಪಂಚೆಯಲ್ಲೇ ಕೂತು ಉಂಡೆ. ಡ್ರೈವರ್ ಮಾಡುತ್ತಿದ್ದ ಕೆಲಸಗಳಲ್ಲಿ ಅವತ್ತು ನಾನು ತಪ್ಪಿಲ್ಲದೆ ಮಾಡಿದ್ದು ಅದೊಂದನ್ನೇ.