ಒಂದೇ ಬಾಗಿಲಿನ ಅಮೆರಿಕನ್ ಕಾರು

ಮುಚ್ಚಿದ ಕಾರಿನಲ್ಲಿ ಹೋಗುವವರಿಗೆ ಒಂದು ದೊಡ್ಡ ಅನುಕೂಲವಿದೆ. ದಾರಿಯಲ್ಲಿ ಕಂಡವರನ್ನು ಕಾಣದವರಂತೆ ಹೋಗಬಹುದು. ಗಾಜು ಏರಿಸಿ ಮುಖ ಆಚೆ ತಿರುಗಿಸಿದರೆ ಮುಗಿಯಿತು. ನನಗೆ ಆ ಭಾಗ್ಯವಿರಲಿಲ್ಲ. ನನ್ನ ಕಾರಿಗೆ ಏರಿಸಲು ಗಾಜೂ ಇರಲಿಲ್ಲ, ತಲೆಯ ಮೇಲೆ ಸೂರೂ ಇರಲಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಮೋರಟಗಿಯಂಥ ಊರಿನಲ್ಲಿ ಅಮೆರಿಕದ ತೆರೆದ ಕಾರು ಇಟ್ಟುಕೊಂಡಿದ್ದವನು ನಾನೊಬ್ಬನೇ ಎಂದು ಇಂದಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಅದು ಹುಟ್ಟಿದ್ದು ಸಿಂದಗಿಯ ಮೌಲಾಸಾಬ್ ಮಿಸ್ತ್ರಿಯ ತಗಡಿನ ಅಂಗಡಿಯಲ್ಲಿ ಎಂಬುದನ್ನು ಮಾತ್ರ ಕೇಳಿದವರಿಗಷ್ಟೇ ಹೇಳುತ್ತೇನೆ.

ಮಿಸ್ತ್ರಿ ಟ್ರಂಕು, ಕಾಳಿನ ಡಬ್ಬಿ ಮಾಡುವವನು. ಮದುವೆ ಮೆರವಣಿಗೆಗೆ ಬೇಕೆಂದು ಬ್ಯಾಂಡಿನ ಯಜಮಾನನೊಬ್ಬ ಹಳೆಯ ಕ್ಯಾಲೆಂಡರಿನಿಂದ ಹರಿದ ಅಮೆರಿಕದ ಕಾರಿನ ಚಿತ್ರ ತಂದುಕೊಟ್ಟು, ಇಂಥದ್ದೇ ಹೊಸದೊಂದು ಮಾಡಿಕೊಡು ಎಂದಿದ್ದನಂತೆ. ಮಿಸ್ತ್ರಿ ಹಳೆಯ ಜೀಪಿನ ಮೇಲೆ ತಗಡು ಬಡಿದು, ಪೇರಲಹಣ್ಣಿನ ಒಳಗಿನ ಕೆಂಪು ಬಳಿದು, ಮೂತಿಗೆ ಮುಖ ಕಾಣುವಂಥ ಬಂಪರು ಕೂಡಿಸಿದ. ಯಜಮಾನ ಬಂದವನು ಒಂದು ಸುತ್ತು ಹಾಕಿ ಹಾಗೆಯೇ ಹೊರಟುಹೋದ. ನಾನು ಎಡಗಡೆಯಿಂದ ನೋಡಿದೆ. ಮನಸ್ಸು ಅಲ್ಲಿಯೇ ಸಿಕ್ಕಿಬಿತ್ತು. ಬಲಗಡೆಗೆ ಬಂದಾಗ ಯಜಮಾನ ಓಡಿದ್ದೇಕೆಂದು ತಿಳಿಯಿತು. ಆ ಕಡೆ ಬಾಗಿಲೇ ಇರಲಿಲ್ಲ.

“ಇದೇನ್ರಿ ಮಿಸ್ತ್ರಿ, ಡ್ರೈವರ್ ಎಲ್ಲಿಂದ ಹತ್ತಬೇಕ್ರಿ?”

“ಫೋಟೊದಾಗ ಈ ಕಡಿ ಕಾಣಂಗಿಲ್ರಿ ಧಣಿ. ಕಾಣಲಾರದ್ದನ್ನ ಮಾಡಿ ಸುಳ್ಳ ಹೇಳಲೇನು?”

ಸೂರು ಇಲ್ಲದ್ದಕ್ಕೂ ಅದೇ ಉತ್ತರ. ಚಿತ್ರದಲ್ಲಿ ಸೂರು ಮಡಚಿಟ್ಟಿತ್ತೋ ಏನೋ, ಅಮೆರಿಕದವರು ಮಳೆಯಲ್ಲಿ ನೆನೆಯುತ್ತಾರೆಂದು ನಾವಿಬ್ಬರೂ ನಂಬಿದೆವು. ಇಷ್ಟು ಪ್ರಾಮಾಣಿಕ ಮನುಷ್ಯನಿಂದ ಕೊಳ್ಳದೆ ಇನ್ನಾರಿಂದ ಕೊಳ್ಳುವುದು? ಕೊಂಡೆ. ಅದಕ್ಕಿದ್ದ ಇನ್ನೊಂದು ಗುಣ ಮನೆಗೆ ಬಂದ ಮೇಲೆ ಗೊತ್ತಾಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಆರುತ್ತಿತ್ತು, ಆರಿದರೆ ನೂಕದೆ ಹೊರಡುತ್ತಿರಲಿಲ್ಲ.

ನನ್ನ ಹೆಂಡತಿ ಶಾಂತಾ ಮದುವೆಗೆ ಮುಂಚೆಯೇ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಬಸವನ ಬಾಗೇವಾಡಿಯಲ್ಲಿ ಹನ್ನೊಂದಕ್ಕೆ ಸಂದರ್ಶನವಿದೆ ಎಂದು ಪತ್ರ ಬಂತು. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಮ್ಮ ಮನೆಯ ಸೊಸೆಯರು ಅಲ್ಲಿಯವರೆಗೆ ನೌಕರಿ ಮಾಡಿದವರಲ್ಲ. ಆ ದಿನ ಅವರು ನಸುಕಿನಲ್ಲೇ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿಬಿಟ್ಟರು. ಶಾಂತಾ ಮುಂಜಾನೆಯ ಬಸ್ಸಿಗೆ ಹೋಗೋಣವೆಂದಳು. ನಾನು ದೊಡ್ಡ ಮನುಷ್ಯ, “ಮನ್ಯಾಗ ಕಾರ್ ಇರಬೇಕಾದ್ರ ಬಸ್ ಯಾಕ?” ಎಂದು ಆ ಬಸ್ಸನ್ನೂ ಬಿಡಿಸಿದೆ.

ನಮ್ಮ ಕಡೆ ಹಿರಿಯರು ಕೂತ ಕಟ್ಟೆಯ ಮುಂದೆ ಸೊಸೆಯಾದವಳು ಕೂತು ಸಾಗುವ ಪದ್ಧತಿ ಇರಲಿಲ್ಲ. ಬಂಡಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ಮೇಲೆ ಸೆರಗು ಹೊದ್ದು, ಕಟ್ಟೆ ದಾಟಿ ಮತ್ತೆ ಹತ್ತಬೇಕು. ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆ ಕಂಡದ್ದೇ ಶಾಂತಾ, “ನಿಲ್ಲಸ್ರಿ, ಅಜ್ಜಾರು ಕುಂತಾರ” ಎಂದಳು.

“ಹೊತ್ತಾಗ್ತೈತಿ, ಸುಮ್ನ ಕುಂದ್ರು.”

“ಮುಚ್ಚಿದ ಗಾಡಿ ಆಗಿದ್ರ ಬ್ಯಾರೆ ಮಾತ್ರಿ. ಇದರಾಗ ಕುಂತ್ರ ಊರಿಗೆಲ್ಲಾ ತೋರಿಸಾಕ ಕುಂತಂಗ ಆಗ್ತೈತಿ.”

ನಿಲ್ಲಿಸಿದೆ. ಅವಳು ಇಳಿದಳು, ಎಂಜಿನ್ನೂ ಸುಮ್ಮನಾಯಿತು. ಕಟ್ಟೆಯ ಮೇಲಿದ್ದ ಸಾತಪ್ಪಜ್ಜನಿಗೆ ಎಂಬತ್ತು ದಾಟಿತ್ತು. ಆತ ಬಡಿಗೆ ಊರಿ ಎದ್ದು, “ಹುಡುಗಿ ನಮಗ ಮರ್ಯಾದಿ ಕೊಡಾಕ ಇಳಿದಾಳ. ನಾವು ಕುಂತು ನೋಡಿದ್ರ ನಮ್ಮ ಮರ್ಯಾದಿ ಏನ ಉಳೀತು? ಏಳ್ರಿ” ಎಂದ. ಐದು ಮುದುಕರು ಅಮೆರಿಕವನ್ನು ನೂಕಿದರು. ನನಗೆ ನಾಚಿಕೆ, ಅವರಿಗೆ ಮಾತ್ರ ಹಬ್ಬ.

ಊರು ದಾಟಿದೆವಲ್ಲ, ಇನ್ನು ಪಾರಾದೆವು ಎಂದುಕೊಳ್ಳುತ್ತಿರುವಾಗ ಎದುರಿಗೆ ಒಂದು ಬಂಡಿ ಬಂತು. ಮೇಲೆ ಕೂತವರು ಅಪ್ಪ! ಶಾಂತಾ ನನ್ನನ್ನು ಕೇಳಲೂ ಇಲ್ಲ, ಕಾರು ನಿಲ್ಲುವ ಮೊದಲೇ ಇಳಿದಳು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕಾಗದಗಳ ಚೀಲ, ಕಣ್ಣಲ್ಲಿ ನೀರು. ಎಂಜಿನ್ ನಿಂತಿತು. ಸುತ್ತ ಬರೀ ಹೊಲ, ನೂಕಲು ಒಂದು ನರಪಿಳ್ಳೆ ಇಲ್ಲ. ನನ್ನ ಜಂಬಕ್ಕೆ ಅವಳ ನೌಕರಿ ಬಲಿಯಾಯಿತು ಎಂದುಕೊಂಡೆ.

“ಎಷ್ಟಕ್ಕ ಐತಿ?” ಎಂದರು ಅಪ್ಪ.

“ಹನ್ನೊಂದಕ್ಕರಿ, ಮಾವಾರ.”

ಅವರು ತಲೆಯೆತ್ತಿ ಸೂರ್ಯನನ್ನು ನೋಡಿದರು. ಬಂಡಿಯ ಎತ್ತುಗಳನ್ನು ಬಿಚ್ಚಿ, ಹಗ್ಗ ಹಿಡಿದು ಕಾರಿನ ಮುಂದೆ ಬಂದರು.

“ಬಂಪರಿಗೆ ಕಟ್ಟಬ್ಯಾಡ್ರಿ ಅಪ್ಪಾ, ಕಿತ್ತು ಬರ್ತೈತಿ. ಅದು ತೋರಿಕಿಗೆ.”

“ಹಂಗಾರ ಇದರಾಗ ಖರೇ ಇದ್ದದ್ದು ಯಾವುದೈತಿ, ಅದನ್ನ ತೋರಿಸು.”

ಖರೇ ಇದ್ದದ್ದು ಅಡಿಯಲ್ಲಿದ್ದ ಜೀಪಿನ ಕಬ್ಬಿಣ. ಅದಕ್ಕೆ ಕಟ್ಟಿ ಎತ್ತು ಹೊಡೆದರು. ಇಪ್ಪತ್ತು ಮಾರು ಎಳೆಯುವಷ್ಟರಲ್ಲಿ ಎಂಜಿನ್ ಕೆಮ್ಮಿ ಗುಡುಗಿತು. ಬೆದರಿದ ಎತ್ತುಗಳನ್ನು ಅಪ್ಪ ಒಂದು ಕೈಯಲ್ಲಿ ತಡೆದು, ಇನ್ನೊಂದರಿಂದ ಹಗ್ಗ ಬಿಚ್ಚಿ, ಸೊಸೆಯ ಕಡೆ ತಿರುಗಿದರು.

“ಹತ್ತು, ಯವ್ವಾ. ಇನ್ನ ಮ್ಯಾಲ ಈ ಗಾಡ್ಯಾಗ ಕುಂತಾಗ ಯಾರ ಕಂಡ್ರೂ ಇಳೀಬ್ಯಾಡ. ನೀ ಇಳಿದ್ರ ನಾವು ನೂಕಬೇಕಾಗ್ತೈತಿ.”

ಅದೇ ಅವರ ಹೂಂ. ಶಾಂತಾ ಸಿಂದಗಿ ದಾಟುವವರೆಗೂ ಅಳುತ್ತಲೇ ಇದ್ದಳು, ನಡುನಡುವೆ ನಗುತ್ತಲೂ ಇದ್ದಳು. ಬಾಗೇವಾಡಿ ಮುಟ್ಟಿದಾಗ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಉಳಿದಿತ್ತು. ಅವಳು ಹೊರಬರುವವರೆಗೂ ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ, ಎಂಜಿನ್ ಆರಲು ಬಿಡಲಿಲ್ಲ.

ನೌಕರಿ ಸಿಕ್ಕಿತು. ಮೌಲಾಸಾಬ್ ಮಿಸ್ತ್ರಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಕಾಣದ ಸೂರನ್ನು ಆತ ಊಹೆಯಿಂದ ಕೂಡಿಸಿದ್ದರೆ ಶಾಂತಾ ಅದರಡಿ ಮರೆಯಾಗಿ ಕೂತಿರುತ್ತಿದ್ದಳು, ಅಪ್ಪ ಮುಖ ತಿರುಗಿಸಿ ಹೋಗುತ್ತಿದ್ದರು, ಆ ಹೂಂ ಅವರ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಶಾಂತಾ ಮಾತ್ರ ನೌಕರಿಯ ಮೊದಲ ದಿನದಿಂದಲೇ ಬಸ್ಸು ಹಿಡಿದಳು. ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಲು ನಾನೊಬ್ಬನೇ ಕಾರು ತೆಗೆದುಕೊಂಡು ಹೋಗುತ್ತಿದ್ದೆ. ಅಗಸಿ ಕಟ್ಟೆಯ ಮುಂದೆ ಸಾತಪ್ಪಜ್ಜ ಬಡಿಗೆ ಅಡ್ಡ ಹಿಡಿಯುತ್ತಿದ್ದ. ಇಳಿಯಬೇಡವೆಂದು ನಿನ್ನಪ್ಪ ಹೇಳಿದ್ದು ಸೊಸೆಗೆ, ನಿನಗಲ್ಲ ಎಂಬುದು ಆತನ ತೀರ್ಪು. ನಾನು ಬಾಗಿಲಿಲ್ಲದ ಕಡೆಯಿಂದ ಕಾಲೆತ್ತಿ ಇಳಿದು ನಮಸ್ಕರಿಸುತ್ತಿದ್ದೆ. ಎಂಜಿನ್ ಆರುತ್ತಿತ್ತು. ಐದೂ ಮುದುಕರು ಕೂತಲ್ಲಿಂದ ಅಲುಗುತ್ತಿರಲಿಲ್ಲ.

“ಟೀಚರವ್ವ ಅದಾಳೇನೋ ಒಳಗ?”

“ಇಲ್ರಿ, ಅಜ್ಜಾರ.”

“ಹಂಗಾರ ನೀನ ನೂಕು.”