ನಿಶ್ಚಿತಾರ್ಥದ ಒದೆ

ಬೂಟಿನ ಲೇಸು ಕಟ್ಟಲು ಬಗ್ಗಿದಾಗಲೇ ಸೀನು ಬರಬೇಕೇ? ನಿಶ್ಚಿತಾರ್ಥದ ಬೆಳಿಗ್ಗೆಯೇ ಮನ್ವಿತನ ಸೊಂಟ ಕಳಕ್ಕೆಂದು ಹಿಡಿಯಿತು. ಹೇಗೋ ನೆಟ್ಟಗಾದವನು ಮತ್ತೆ ಬಗ್ಗಲಾರದೆ ಲೈಟುಕಂಬದಂತೆ ನಿಂತ.

ಬೆಳ್ತಂಗಡಿಯ ತೃಪ್ತಿಯನ್ನು ಅವನು ಮನಸಾರೆ ಮೆಚ್ಚಿದ್ದ. ಆದರೆ ಅವಳ ಅಜ್ಜಿ ನೀಲಾವತಿ, ಹಿಂದಿನ ವರನಿಗೆ ಮಂಡಿನೋವು ಎಂದು ತಿಳಿದು ಸಂಬಂಧವನ್ನೇ ಮುರಿದಾಕೆ. ಇದು ಗೊತ್ತಾದರೆ ಕತೆ ಮುಗಿಯಿತು.

ಅವನ ಊರು ಪುಂಜಾಲಕಟ್ಟೆಯಲ್ಲಿ ಒಬ್ಬನಿಗೆ ನೋವಾದರೆ ಊರಿನ ಮದ್ದೆಲ್ಲ ಓಡಿ ಬರುತ್ತದೆ. ಅಂಥ ದೊಡ್ಡ ಮನಸ್ಸಿನ ಜನ! ನೆರೆಮನೆಯ ರುಕ್ಮಯ್ಯ ಎಣ್ಣೆ ತಿಕ್ಕಿದರು. ಎದುರುಮನೆಯ ಜಸೀಲಾ ಐಸ್ ತಂದಿಟ್ಟಳು. ಅದರ ಮೇಲೆಯೇ ಪಕ್ಕದ ಅಮ್ಮಣಿ ಬಿಸಿ ಉಪ್ಪಿನ ಗಂಟು ಒತ್ತಿದರು. ಸೊಂಟ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಇದಕ್ಕೆ ಕಾಲು ಮುಂದಾಗಿ ಹುಟ್ಟಿದವರು ಒದೆಯಬೇಕು ಮಾರಾಯ," ಎಂದರು ಅಮ್ಮಣಿ. "ನಿನ್ನ ತೃಪ್ತಿ ಹಾಗೆಯೇ ಹುಟ್ಟಿದ್ದು. ನನ್ನ ತವರುಮನೆ ಅವರ ಬಗಲಲ್ಲೇ ಅಲ್ವಾ, ನನಗೆ ಗೊತ್ತುಂಟು."

"ಮದುವೆಗೆ ಮೊದಲೇ ಒದೆ ತಿನ್ನುವುದಾ ಅಮ್ಮಣಿಯಕ್ಕ?"

"ನಂತರ ಹೇಗೂ ಉಂಟಲ್ಲ!"

ಬೆಳ್ತಂಗಡಿ ತಲುಪಿದ್ದೇ ಅಮ್ಮಣಿ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟಿದರು. ತೃಪ್ತಿ ಅವನನ್ನು ಬಚ್ಚಲಿನ ಹಿಂದಕ್ಕೆ ಕರೆದೊಯ್ದಳು.

"ಸಣ್ಣವಳಿರುವಾಗಿನಿಂದ ಊರಿನವರಿಗೆ ಒದ್ದು ಅಭ್ಯಾಸ ಉಂಟು. ಆದರೆ ಸ್ನಾಯು ಉಳುಕಿದರೆ ಅದಕ್ಕೆ ವಿಶ್ರಾಂತಿಯೇ ಮದ್ದು. ನಾಳೆ ಡಾಕ್ಟರಿಗೆ ತೋರಿಸುವ. ಇವತ್ತು ಮಾತ್ರ ಬಗ್ಗಬೇಡಿ, ಅಜ್ಜಿಗೆ ಕೈ ಮುಗಿದರೆ ಸಾಕು," ಎಂದು ಸೀರೆಯ ನೆರಿಗೆ ಎತ್ತಿ ಮೆಲ್ಲನೆ ಒದ್ದಳು.

ಚಳಕ್! ಸೊಂಟ ಸಡಿಲವಾಯಿತು. ಎಂಥ ಹುಡುಗಿ! ಗುಟ್ಟು ಉಳಿಸಿದಳು, ಸೊಂಟ ಬಿಡಿಸಿದಳು. ಮನ್ವಿತನ ಕಣ್ಣು ತುಂಬಿ ಬಂತು. ಆ ಖುಷಿಯಲ್ಲಿ ಅವಳ ಮಾತು ಮರೆತೇಹೋಯಿತು. ನೆಂಟರು ತುಂಬಿದ ಚಾವಡಿಗೆ ನುಗ್ಗಿದವನೇ ನೀಲಾವತಿಯ ಪಾದಕ್ಕೆ ಬಗ್ಗಿ ನಮಸ್ಕರಿಸಿದ.

ಕಳಕ್.

"ಏಳು ಮಗಾ," ಎಂದರು ಅಜ್ಜಿ. ಮಗ ಏಳಲಿಲ್ಲ. "ಸಾಕು, ಏಳು." ಊಹೂಂ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗಿನ ಕಾಲದಲ್ಲಿ ಇಷ್ಟು ವಿನಯ ಯಾರಿಗುಂಟು? ಹೇಳಿದರೂ ಏಳುವುದಿಲ್ಲ ನೋಡಿ! ಹಿರಿಯರೆಲ್ಲ ಬನ್ನಿ, ಅವನು ಹೀಗಿರುವಾಗಲೇ ಆಶೀರ್ವಾದ ಮಾಡಿಬಿಡಿ."

ಬಂಟ್ವಾಳದಿಂದ ಮೂಡಬಿದಿರೆಯವರೆಗಿನ ನೆಂಟರು ಸಾಲುಗಟ್ಟಿದರು. ಮೊದಲು ಬಂದ ದಪ್ಪ ಮಾವ ಮೆಚ್ಚುಗೆ ತಡೆಯಲಾರದೆ ಅವನ ಸೊಂಟಕ್ಕೇ ಪಟಾರೆಂದು ತಟ್ಟಿ, "ಗಟ್ಟಿ ಹುಡುಗ!" ಎಂದರು.