ಆಯುಧಪೂಜೆಯ ದಿನ ಅಳಿಸಿಹೋದ ನನ್ನ ಮೂವತ್ತೊಂದನೇ ಮಟ್ಟ

ನನ್ನ ಫೋನಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ ಚೆಸ್ ತರಬೇತಿ ಆ್ಯಪ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಮಾಕಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿರುವ ಮುನಿರಾಜುವಿನ ಸಾಷ್ಟಾಂಗ ನಮಸ್ಕಾರಗಳು. ಹೊಸ ಆವೃತ್ತಿ ಬಂದ ಮೇಲೆ ತಮ್ಮ ಮೈಬಣ್ಣ ಇನ್ನಷ್ಟು ತಿಳಿಯಾಗಿರುವುದನ್ನು ಕಂಡು ಸಂತೋಷವಾಯಿತು. ಅದರ ಜೊತೆಗೆ ನನ್ನ ಎರಡು ವರ್ಷದ ಅಭ್ಯಾಸ, ಅಂದರೆ ಬಿಡಿಸಿದ 2,316 ಒಗಟು, ಸೋತ 408 ಆಟ, ಗೆದ್ದ 391 ಆಟ, ಏರಿದ ಮೂವತ್ತೊಂದು ಮಟ್ಟ, ಇಷ್ಟನ್ನೂ ತಾವು ಒಂದೇ ಗುಟುಕಿಗೆ ನುಂಗಿದ್ದು ಮಾತ್ರ ಸ್ವಲ್ಪ ಕಸಿವಿಸಿ.

ತಪ್ಪು ನನ್ನದೇ, ಒಪ್ಪಿದೆ. ಇಂದೇ ಕೊನೆಯ ದಿನ, ಬ್ಯಾಕಪ್ ಮಾಡಿಕೊಳ್ಳಿ ಎಂದು ತಾವು ಆರು ಸಲ ಎಚ್ಚರಿಸಿದ್ದೀರಿ. ಆದರೆ ತಾವು ಆರಿಸಿದ ದಿನ ಆಯುಧಪೂಜೆ. ಅಂದು ನಾವು ಲೇತಿಗೆ, ಡ್ರಿಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮಾರನೇ ದಿನದವರೆಗೆ ಯಾವ ಸಾಧನವನ್ನೂ ಮುಟ್ಟುವುದಿಲ್ಲ. ತಮ್ಮನ್ನೂ ಸಾಧನವೆಂದೇ ಗೌರವಿಸಿ, ಫೋನಿನ ಮೇಲೆ ಸೇವಂತಿಗೆ ಇಟ್ಟು, ಮೈಕ್ರೋಮೀಟರಿನ ಪಕ್ಕದಲ್ಲಿ ಕೂರಿಸಿದ್ದೆ. ಹೂವಿನಡಿಯಿಂದ ತಾವು ಆರು ಸಲ ಮಿನುಗಿದಾಗ, ಪೂಜೆ ಸಂದಿತೆಂದು ಎಲ್ಲರೂ ಕೈಮುಗಿದೆವು.

ಈಗ ಸಂಕಟಕ್ಕೆ ಬರುತ್ತೇನೆ. ನಾಳೆ ಭಾನುವಾರ ಪೀಣ್ಯದವರ ಮೇಲೆ ನಮ್ಮ ಮಾಕಳಿ ವರ್ಕ್‌ಶಾಪುಗಳ ತಂಡದ ಪಂದ್ಯ. ಆ್ಯಪಿನಲ್ಲಿ ಯಾರ ಮಟ್ಟ ಹೆಚ್ಚೋ ಅವರಿಗೇ ಮೊದಲನೇ ಬೋರ್ಡು, ಅಂದರೆ ಎದುರು ತಂಡದ ಅತಿ ಬಲಶಾಲಿಯ ಮುಂದಿನ ಕುರ್ಚಿ, ಎಂಬುದು ಕಾರ್ಯದರ್ಶಿ ಗೋಪಾಲಪ್ಪನವರ ಕಾನೂನು. ನಾನು 2,316 ಒಗಟು ಬಿಡಿಸಿದ್ದೇ ಆ ಕುರ್ಚಿಗಾಗಿ. ಅವರ ಮುಂದೆ ಚೆಸ್ ಬೋರ್ಡ್ ಹಾಸಿ, ಬೇಕಾದರೆ ಈಗಲೇ ಆಡಿ ತೋರಿಸುತ್ತೇನೆ ಎಂದೆ. "ಆಡೋದು ಯಾರ್ ಬೇಕಾದ್ರೂ ಆಡ್ತಾರೆ ಮುನಿರಾಜಣ್ಣ, ಫೋನಲ್ಲಿ ತೋರ್ಸಿ" ಎಂದರು.

ಪ್ರತಿ ಒಗಟಿಗೂ ತಾರೀಖು ಹಾಕಿ ಬರೆದಿಟ್ಟ ನನ್ನ ಉದ್ದನೆಯ ಪುಸ್ತಕದ ಫೋಟೋಗಳನ್ನು ತಮ್ಮ ಸಹಾಯವಾಣಿಗೆ ಕಳಿಸಿದೆ. ಸುಂದರವಾದ ಚಿತ್ರ, ಬನ್ನಿ, ಸಿಪಾಯಿ ನಡೆಸುವುದನ್ನು ಕಲಿಯೋಣ ಎಂಬ ಉತ್ತರ ಬಂತು. ಕಲಿತೆ. ಎರಡು ವರ್ಷದ ಅಭ್ಯಾಸವನ್ನು ಜೋಪಾನ ಮಾಡಲಾಗದ ತಾವು, 'ಮುನಿರಾಜು ಇಂದು ಸಿಪಾಯಿ ನಡೆಸಲು ಕಲಿತರು' ಎಂಬ ಸುದ್ದಿಯನ್ನು ಮಾತ್ರ ನಮ್ಮ ತಂಡದ ಗ್ರೂಪಿಗೆ ಕ್ಷಣಾರ್ಧದಲ್ಲಿ ತಲುಪಿಸಿದಿರಿ. ಪೌಡರ್ ಕೋಟಿಂಗ್ ಶಾಪಿನ ಶಶಿಕುಮಾರ್ ಗೇಟಿನಲ್ಲೇ ಕೂಗಿದ: "ಸಕ್ಕತ್ ಗುರು! ಮುಂದಿನ್ ವಾರ ಕುದ್ರೆನೂ ಕಲ್ತ್‌ಬಿಡ್ತೀಯ ಬಿಡು!"

ಆದ್ದರಿಂದ ವಿನಂತಿ: ಇನ್ನು ಮುಂದೆ ಕೊನೆಯ ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ನನ್ನ 408 ಸೋಲುಗಳನ್ನು ನೆನಪಿಗೆ ತಾವೇ ಇಟ್ಟುಕೊಂಡು, ಉಳಿದದ್ದನ್ನು ಹಿಂದಿರುಗಿಸಿ. ಅದೂ ಆಗದಿದ್ದರೆ, ಈ ತಲೆಯೊಳಗೆ ಉಳಿದುಬಿಟ್ಟಿರುವ ಆಟವನ್ನೂ ದಯಮಾಡಿ ಅಳಿಸಿಹಾಕಿ; ತಮ್ಮ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗಲಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮುನಿರಾಜು
(ಒಂದನೇ ಮಟ್ಟ)

ತಾ.ಕ.: ಇದೀಗ ತಿಳಿದದ್ದು. ಶಶಿಕುಮಾರನೂ ಸೇರಿ ತಂಡದವರೆಲ್ಲರ ಫೋನುಗಳೂ ಅಂದು ಹೂವಿನಡಿಯೇ ಇದ್ದವಂತೆ. ಎಲ್ಲರೂ ಒಂದನೇ ಮಟ್ಟ. ನಮ್ಮ ವರ್ಕ್‌ಶಾಪುಗಳ ಕ್ಯಾಂಟೀನಿನ ಬಸಮ್ಮನವರು ಮಾತ್ರ ಪೂಜೆಗಿಟ್ಟದ್ದು ಸೌಟನ್ನು, ಫೋನನ್ನಲ್ಲ. ಅದರಲ್ಲಿ ಆಡುವ ಅವರ ಮೊಮ್ಮಗಳು ಬ್ಯಾಕಪ್ ಒತ್ತಿದ್ದಾಳೆ. ಬಸಮ್ಮನವರ ಹೆಸರಿನಲ್ಲಿ ಮಟ್ಟ ಒಂಬತ್ತು. ಗೋಪಾಲಪ್ಪನವರು ಕಾನೂನಿಗೆ ತಲೆಬಾಗಿ ಮೊದಲನೇ ಬೋರ್ಡನ್ನು ಬಸಮ್ಮನವರಿಗೆ ಕೊಟ್ಟಿದ್ದಾರೆ. "ಕುದ್ರೆ ಯಾವ್ದು ಅಂತ ಒಂದ್ಸಲ ತೋರ್ಸ್ಕೊಡಪ್ಪಾ, ಮಿಕ್ಕಿದ್ ನಾನ್ ನೋಡ್ಕೊಂತೀನಿ" ಎಂದರು. ತೋರಿಸಿದೆ. ತಮ್ಮಂತೆ ನಾಳೆಗೆ ಮರೆಯುವವರಲ್ಲ ಅವರು.